ಏಳು ನಿಮಿಷ, ನಾಲ್ಕು ಅಂಕ

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ ಒಟ್ಟು 125 ಅಂಕ. ಅದರಲ್ಲಿ 25 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ, ಉಳಿದ 100 ಬರವಣಿಗೆಗೆ. ಪರೀಕ್ಷೆಯ ಹೊತ್ತು 3 ಗಂಟೆ 15 ನಿಮಿಷ. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಿಕೊಳ್ಳಲು ಹೋದರೆ ಬರೆಯಲು ಸಿಗುವುದು 180 ನಿಮಿಷ. ಭಾಗಿಸಿ ನೋಡಿ: ಅಂಕವೊಂದಕ್ಕೆ 108 ಸೆಕೆಂಡು. ಈಚಿನ ವರ್ಷಗಳ ಪತ್ರಿಕೆಗಳಲ್ಲಿ ಕೊನೆಗೆ ಬರುವ ಪುಟಗಳಲ್ಲೊಂದು ಗದ್ಯಭಾಗ ಇರುತ್ತದೆ. ಮಗು ಅದನ್ನು ಹಿಂದೆಂದೂ ಕಂಡಿರುವುದಿಲ್ಲ, ಯಾರೂ ವಿವರಿಸಿ ಹೇಳಿರುವುದಿಲ್ಲ. ಮೇಷ್ಟ್ರುಗಳ ಬಾಯಲ್ಲಿ ಅದು ‘ಅಪಠಿತ ಗದ್ಯ’. ಓದಿ ಉತ್ತರ ಬರೆದರೆ 4 ಅಂಕ. ಹೊತ್ತಿನ ಲೆಕ್ಕದಲ್ಲಿ 7 ನಿಮಿಷ 12 ಸೆಕೆಂಡು.

ಹತ್ತು ವರ್ಷ ಕನ್ನಡ ಕಲಿತ ಮಗುವಿಗೆ, ‘ಯಾರೂ ಹೇಳಿಕೊಡದ್ದನ್ನು ನೀನಾಗಿಯೇ ಓದಿ ತಿಳಿದುಕೊಳ್ಳಬಲ್ಲೆಯಾ’ ಎಂದು ಪರೀಕ್ಷೆ ನೇರವಾಗಿ ಕೇಳುವುದು ಈ ಒಂದೇ ಜಾಗದಲ್ಲಿ. ಪತ್ರ, ಪ್ರಬಂಧ, ಗಾದೆ ವಿಸ್ತರಣೆ ಬರವಣಿಗೆಯ ಲೆಕ್ಕಕ್ಕೆ ಹೋಗುತ್ತವೆ. ಮಿಕ್ಕಿದ್ದರಲ್ಲಿ ಬಹುಪಾಲು ವರ್ಷವಿಡೀ ಓದಿ, ಬರೆದು, ಬಾಯಿಪಾಠ ಮಾಡಿದ ಗದ್ಯ ಪದ್ಯಗಳಿಂದ ಮತ್ತು ವ್ಯಾಕರಣದಿಂದ ಬರುತ್ತದೆ. ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಎಸ್ಸೆಸ್ಸೆಲ್ಸಿಗೆ ಕೂರುವ ರಾಜ್ಯದಲ್ಲಿ, ಓದಿ ತಿಳಿಯುವ ಶಕ್ತಿಗೆ ಕಟ್ಟಿರುವ ಬೆಲೆ ನೂರಕ್ಕೆ ನಾಲ್ಕು. ಆ ಶಕ್ತಿಯನ್ನು ಬೆಳೆಸಲು ನಿಜಕ್ಕೂ ಎಷ್ಟು ನಿಮಿಷ ಬೇಕು, ಎಷ್ಟು ಹಾಳೆ, ಎಷ್ಟು ರೂಪಾಯಿ, ಮೇಷ್ಟ್ರ ಎಷ್ಟು ಸಂಜೆಗಳು ಬೇಕು ಎಂಬ ಲೆಕ್ಕ ಹಾಕಲು ಹೊರಟಿದ್ದೇನೆ. ಈ ಲೆಕ್ಕ ಹಾಕದೆ ‘ಮಕ್ಕಳಿಗೆ ಓದಲು ಬರುವುದಿಲ್ಲ’ ಎಂದು ಕೊರಗುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದು ನಂಬಿದವನು ನಾನು.

ಮೊದಲು ವೇಗ. ಕೊಟ್ಟ ಗದ್ಯಭಾಗ 120 ಪದದ್ದು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 100 ಪದ ಓದುವ ಹುಡುಗಿ ಒಂದು ಸಲ ಓದಲು ತೆಗೆದುಕೊಳ್ಳುವುದು 1 ನಿಮಿಷ 12 ಸೆಕೆಂಡು. ಮೂರು ಸಲ ಓದಿದರೂ ಅವಳ ಕೈಯಲ್ಲಿ 3 ನಿಮಿಷ 36 ಸೆಕೆಂಡು ಉಳಿಯುತ್ತದೆ. ನಿಮಿಷಕ್ಕೆ 60 ಪದ ಓದುವವನು ಎರಡು ಸಲ ಓದಿ, 3 ನಿಮಿಷ 12 ಸೆಕೆಂಡು ಉಳಿಸಿಕೊಳ್ಳುತ್ತಾನೆ. ನಿಮಿಷಕ್ಕೆ 30 ಪದ ಓದುವ ಮಗುವಿಗೂ ಅಷ್ಟೇ ಹೊತ್ತು ಉಳಿಯುತ್ತದೆ, ಆದರೆ ಅದು ಓದಿರುವುದು ಒಂದೇ ಸಲ. ಒಮ್ಮೆ ಓದಿ ಅರ್ಥವಾಗದ ವಾಕ್ಯಕ್ಕೆ ಮರಳಿ ಹೋಗಲು ಅದರ ಬಳಿ ಹೊತ್ತಿಲ್ಲ. ಆಗ ಅದು ಮಾಡುವ ಕೆಲಸ ಎಲ್ಲ ಮೇಷ್ಟ್ರಿಗೂ ಗೊತ್ತು: ಪ್ರಶ್ನೆಯಲ್ಲಿರುವ ಒಂದು ಪದವನ್ನು ಗದ್ಯದಲ್ಲಿ ಹುಡುಕುತ್ತದೆ, ಆ ಪದ ಸಿಕ್ಕ ವಾಕ್ಯವನ್ನು ಪೂರ್ತಿ ಎತ್ತಿ ಬರೆಯುತ್ತದೆ. ಕೆಲವೊಮ್ಮೆ ಅದಕ್ಕೆ ಅಂಕವೂ ಸಿಗುತ್ತದೆ.

ಈ 60 ನಾನು ತೋಚಿದಂತೆ ಹಾಕಿದ ಅಂಕಿಯಲ್ಲ. ಕೇಂದ್ರ ಸರ್ಕಾರ 2021ರ ಜುಲೈ 5ರಂದು ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆ ಇಟ್ಟುಕೊಂಡ ಗುರಿ ಅದು. ಎರಡನೇ ತರಗತಿ ಮುಗಿಯುವಾಗ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು, ಮೂರನೆಯದು ಮುಗಿಯುವಾಗ ಕನಿಷ್ಠ 60 ಪದಗಳನ್ನು ಅರ್ಥ ತಿಳಿದು ಓದಬೇಕು. ಈ ಗುರಿಗೆ ಕೊಟ್ಟ ಗಡುವು 2026–27.

ಕನ್ನಡದ ಮಟ್ಟಿಗೆ ಇಲ್ಲೊಂದು ತೊಡಕಿದೆ. ಪದ ಎಣಿಸುವ ಅಳತೆ ನಮ್ಮ ಭಾಷೆಗೆ ಸರಿಯಾಗಿ ಕೂರುವುದಿಲ್ಲ. ‘ಹೋಗಬೇಕಾಗಿತ್ತೆಂದು’ ಎಂಬುದು ನಮಗೆ ಒಂದು ಪದ. ಅದರಲ್ಲಿ 7 ಅಕ್ಷರ. ಇಂಗ್ಲಿಷಿನಲ್ಲಿ ಅದೇ ಮಾತಿಗೆ ನಾಲ್ಕೈದು ಪದ ಬೇಕು. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುವ ಭಾಷೆಯಲ್ಲಿ ನಿಮಿಷಕ್ಕೆ 60 ಪದ ಎಂದರೆ ಸಣ್ಣ ಬೇಡಿಕೆಯಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ 20 ಭಾಷೆಗಳಲ್ಲಿ ನಡೆಸಿದ ಬುನಾದಿ ಕಲಿಕೆಯ ಅಧ್ಯಯನ ಎಲ್ಲ ಭಾಷೆಗೂ ಒಂದೇ ಮಿತಿ ಹಾಕದೆ ಭಾಷೆಗೊಂದರಂತೆ ಬೇರೆ ಬೇರೆ ಮಿತಿ ಗೊತ್ತುಮಾಡಿದ್ದು ಸರಿಯಾದ ಕ್ರಮ. ತರಗತಿಯಲ್ಲಿ ಅಳೆಯುವ ಕನ್ನಡ ಮೇಷ್ಟ್ರು ಪದದ ಜೊತೆ ಅಕ್ಷರವನ್ನೂ ಎಣಿಸಿದರೆ ಮಗುವಿನ ನಿಜವಾದ ನಡೆ ಕಾಣುತ್ತದೆ.

ಅಕ್ಷರಗಳೆಂದರೆ ಎಷ್ಟು? ವರ್ಣಮಾಲೆಯಲ್ಲಿ 49: ಸ್ವರ 13, ಯೋಗವಾಹ 2, ವ್ಯಂಜನ 34. ಆದರೆ ಮಗುವಿನ ಕಣ್ಣಿಗೆ ಬೀಳುವುದು 49 ಆಕಾರಗಳಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತದ 15 ರೂಪ, 34 ವ್ಯಂಜನಕ್ಕೆ 510. ಒತ್ತಕ್ಷರಗಳ ಲೆಕ್ಕ ಇದರಾಚೆಗೆ. ಬೆಂಗಳೂರಿನ ಮಕ್ಕಳ ಓದನ್ನು ಅಭ್ಯಸಿಸಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ಹೇಳಿತು: ಕನ್ನಡದ ಅಕ್ಷರ ಕಲಿಕೆ ಇಂಗ್ಲಿಷಿನಂತೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಪ್ರಾಥಮಿಕ ತರಗತಿಗಳ ಉದ್ದಕ್ಕೂ ನಡೆಯುತ್ತಲೇ ಇರುತ್ತದೆ. ಒಮ್ಮೆ ಕೈಗೆ ಬಂದ ಮೇಲೆ ಕನ್ನಡದ ಲಿಪಿ ಮೋಸ ಮಾಡುವುದಿಲ್ಲ, ಬರೆದದ್ದನ್ನೇ ಓದಬಹುದು. ಆದರೆ ಕೈಗೆ ಬರಲು ಹೊತ್ತು ಹಿಡಿಯುತ್ತದೆ, ಆ ಹೊತ್ತನ್ನು ಕೊಡದೆ ಮುಂದಿನ ತರಗತಿಗೆ ದಾಟಿಸಿದ ಮಗು ಹತ್ತನೆಯದರಲ್ಲಿ ಆ 7 ನಿಮಿಷಗಳ ಎದುರು ಬಂದು ನಿಲ್ಲುತ್ತದೆ.

ಎಷ್ಟು ಮಕ್ಕಳು ಹೀಗೆ ನಿಲ್ಲುತ್ತಾರೆ? ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಕೈಯಲ್ಲಿ ಓದಿಸಿ ನೋಡುವ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೇ ತರಗತಿಯ ಮಟ್ಟದ ಕಥೆಯನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು ದೇಶದಲ್ಲಿ 2018ರಲ್ಲಿ ಶೇ. 27.3 ಇದ್ದರು. ಕೊರೋನಾ ಕಾಲದ ಶಾಲೆ ಮುಚ್ಚುಗಡೆಯ ಬಳಿಕ, 2022ರಲ್ಲಿ, ಅದು ಶೇ. 20.5ಕ್ಕೆ ಇಳಿಯಿತು. 2024ರಲ್ಲಿ ಶೇ. 27.1ಕ್ಕೆ ಬಂದು, ಹೆಚ್ಚುಕಡಿಮೆ ಮೊದಲಿದ್ದ ಜಾಗಕ್ಕೇ ಮರಳಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2023ರ ಅಸರ್. ಅದು 14ರಿಂದ 18 ವಯಸ್ಸಿನವರನ್ನು ನೋಡಿತು. ಅಂದರೆ ಎಸ್ಸೆಸ್ಸೆಲ್ಸಿ, ಪಿಯುಸಿಯ ವಯಸ್ಸು. 26 ರಾಜ್ಯಗಳ 28 ಜಿಲ್ಲೆಗಳಲ್ಲಿ 34,745 ಮಂದಿ. ಕರ್ನಾಟಕದಿಂದ ಮೈಸೂರು ಜಿಲ್ಲೆ. ಆ ವಯಸ್ಸಿನವರಲ್ಲಿ ಸುಮಾರು ಕಾಲುಭಾಗಕ್ಕೆ ತಮ್ಮ ಭಾಷೆಯಲ್ಲಿ ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದಲು ಬರಲಿಲ್ಲ.

ಅದೇ ಸಮೀಕ್ಷೆ ಇನ್ನೊಂದು ಕೆಲಸ ಮಾಡಿತು, ನನಗೆ ಅದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪೊಟ್ಟಣವನ್ನು ಕೈಗೆ ಕೊಟ್ಟು, ಅದರ ಮೇಲೆ ಅಚ್ಚಾದ ಸೂಚನೆ ಓದಿಸಿ ನಾಲ್ಕು ಪ್ರಶ್ನೆ ಕೇಳಿತು. ಒಂದನೇ ತರಗತಿಯ ಮಟ್ಟವನ್ನಾದರೂ ಓದಬಲ್ಲವರಿಗೆ ಮಾತ್ರ ಕೇಳಿದ ಪ್ರಶ್ನೆಗಳವು. ನಾಲ್ಕರಲ್ಲಿ ಮೂರಕ್ಕಾದರೂ ಸರಿಯುತ್ತರ ಕೊಟ್ಟವರು ಮೂರರಲ್ಲಿ ಎರಡು ಪಾಲಿನಷ್ಟು. ಉಳಿದವರಿಗೆ ಅಕ್ಷರ ಗೊತ್ತಿತ್ತು, ಪದ ಗೊತ್ತಿತ್ತು. ಎಷ್ಟು ನೀರಿಗೆ ಬೆರೆಸಬೇಕು, ಎಷ್ಟು ಹೊತ್ತಿನೊಳಗೆ ಕುಡಿಸಬೇಕು ಎಂಬುದು ಕೈಗೆ ಸಿಗಲಿಲ್ಲ. ಅಪಠಿತ ಗದ್ಯವೆಂದರೆ ಬದುಕಿನಲ್ಲಿ ಇಂಥದ್ದೇ.

ಓದುವುದಕ್ಕೂ ತಿಳಿಯುವುದಕ್ಕೂ ನಡುವೆ ಇರುವ ಈ ಅಂತರವನ್ನು 1986ರಲ್ಲಿ ಗೌ ಮತ್ತು ಟನ್‌ಮರ್ ಎಂಬ ಇಬ್ಬರು ಸಂಶೋಧಕರು ಒಂದು ಗುಣಾಕಾರದಲ್ಲಿ ಹಿಡಿದಿಟ್ಟರು. ಓದಿ ತಿಳಿಯುವ ಶಕ್ತಿ ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಕೂಡಿಸುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಒಟ್ಟು ಸೊನ್ನೆ. ಅಕ್ಷರ ಬಿಡಿಸುವುದರಲ್ಲಿ 0.9 ಇರುವ ಮಗುವಿಗೆ ಭಾಷೆಯ ತಿಳಿವು 0.5 ಇದ್ದರೆ ಬರುವುದು 0.45. ತಿರುವು ಮುರುವು ಮಾಡಿ, ಅಕ್ಷರ 0.5, ಭಾಷೆ 0.9 ಇಟ್ಟರೂ ಅದೇ 0.45. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ. ಆದರೆ ಒಬ್ಬನಿಗೆ ಬೇಕಾದದ್ದು ಒತ್ತಕ್ಷರದ ಅಭ್ಯಾಸ. ಇನ್ನೊಬ್ಬಳಿಗೆ ಬೇಕಾದದ್ದು ಕಥೆ, ಮಾತು, ಹೊಸ ಪದ. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಆಡಿಕೊಂಡು ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡ ಮಕ್ಕಳು ನಮ್ಮಲ್ಲಿ ಎಷ್ಟೋ. ಇವರಿಗೆ ಕಾಪಿ ಬರೆಸಿದರೆ ಮೊದಲ ಅಂಕಿ ಏರುತ್ತದೆ, ಎರಡನೆಯದು ಇದ್ದಲ್ಲೇ ಇರುತ್ತದೆ. ಯಾವ ಅಂಕಿ ಕಡಿಮೆ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ. ಗದ್ಯಭಾಗವನ್ನು ಮೇಷ್ಟ್ರೇ ಗಟ್ಟಿಯಾಗಿ ಓದಿ ಹೇಳಿ ಪ್ರಶ್ನೆ ಕೇಳಲಿ. ಕೇಳಿದಾಗ ಅರ್ಥವಾಗಿ, ತಾನೇ ಓದಿದಾಗ ಅರ್ಥವಾಗದಿದ್ದರೆ ತೊಂದರೆ ಇರುವುದು ಅಕ್ಷರದಲ್ಲಿ. ಕೇಳಿದಾಗಲೂ ಅರ್ಥವಾಗದಿದ್ದರೆ ಭಾಷೆಯಲ್ಲಿ. ಮಗುವೊಂದಕ್ಕೆ ಹೆಚ್ಚೆಂದರೆ 10 ನಿಮಿಷದ ಕೆಲಸ.

ಪದಸಂಪತ್ತಿನ ಲೆಕ್ಕ ಇನ್ನೂ ಬಿಗಿ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರ ಮೇಲೆ ನಡೆದ ಅಧ್ಯಯನಗಳು, ಯಾರ ನೆರವೂ ಇಲ್ಲದೆ ಓದಿ ತಿಳಿಯಲು ಪುಟದಲ್ಲಿರುವ ಪದಗಳಲ್ಲಿ ಶೇ. 98ರಷ್ಟು ಮೊದಲೇ ಗೊತ್ತಿರಬೇಕು ಎನ್ನುತ್ತವೆ. ಕನ್ನಡಕ್ಕೆ ಅದೇ ಅಂಕಿ ಹಾಗೇ ಹೊಂದಬೇಕೆಂದಿಲ್ಲ, ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 120 ಪದದಲ್ಲಿ ಶೇ. 98 ಎಂದರೆ ಗೊತ್ತಿಲ್ಲದ ಪದ ಎರಡೋ ಮೂರೋ ಇರಬಹುದು. ಆರು ಆದರೆ ಶೇ. 95ಕ್ಕೆ ಇಳಿದಂತೆ, ಅಲ್ಲಿಂದ ಊಹೆ ಶುರು. ಹಳಗನ್ನಡದ ಪುಟಕ್ಕೆ ಈ ಅಳತೆ ಹಿಡಿದು ನೋಡಿ. ಹತ್ತನೇ ತರಗತಿಯ ‘ಸಿರಿ ಕನ್ನಡ’ದ ಪಾಠಗಳು ಪರಿಷ್ಕರಣೆಯಿಂದ ಪರಿಷ್ಕರಣೆಗೆ ಅಷ್ಟಿಷ್ಟು ಬದಲಾದರೂ 8 ಗದ್ಯ, 8 ಪದ್ಯ ಎಂಬ ಅಂದಾಜಿನ ಚೌಕಟ್ಟಿನೊಳಗೆ ಹತ್ತನೇ ಶತಮಾನದ ಪಂಪ, ರನ್ನರೂ ಇಪ್ಪತ್ತನೇ ಶತಮಾನದ ಕುವೆಂಪು, ಬೇಂದ್ರೆಯವರೂ ಒಂದೇ ರಟ್ಟಿನ ನಡುವೆ ಕೂತಿದ್ದಾರೆ. ಸಾವಿರ ವರ್ಷದ ಹರವು. ಹದಿನೈದರ ಮಗುವಿಗೆ ಪಂಪನ ಪುಟದಲ್ಲಿ ಹತ್ತಕ್ಕೆ ಐದು ಪದ ತಿಳಿದರೆ ದೊಡ್ಡದು. ಆದ್ದರಿಂದಲೇ ಮೇಷ್ಟ್ರು ಅರ್ಥ ಹೇಳುತ್ತಾರೆ, ಮಗು ಬರೆದುಕೊಳ್ಳುತ್ತದೆ, ಬರೆದುಕೊಂಡದ್ದನ್ನು ಉರು ಹೊಡೆಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳಗನ್ನಡಕ್ಕೆ ಬೇಕಾದ ಈ ಕ್ರಮವನ್ನೇ ಕುವೆಂಪು ಪದ್ಯಕ್ಕೂ, ಹೊಸಗನ್ನಡದ ಸಣ್ಣಕಥೆಗೂ ಹಾಕುತ್ತೇವೆ ನೋಡಿ, ತಪ್ಪುವುದು ಅಲ್ಲಿ. ಅಲ್ಲಿ ಪದಗಳು ಮಗುವಿಗೆ ಗೊತ್ತಿರುತ್ತವೆ. ಮೇಷ್ಟ್ರು ಸುಮ್ಮನಿದ್ದು ಮಗುವನ್ನು ಓದಲು ಬಿಡಬಹುದು.

ತಿಳಿಯುವುದು ಎಂದರೇನು ಎಂಬುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲೇ ಮೂರು ಮೆಟ್ಟಿಲಿವೆ: ವಾಚ್ಯ (ನೇರ ಅರ್ಥ), ಲಕ್ಷ್ಯ (ಸಂಬಂಧದಿಂದ ಹೊಳೆಯುವ ಅರ್ಥ), ವ್ಯಂಗ್ಯ (ಹೇಳದೆ ಸೂಚಿಸುವ ಅರ್ಥ, ಅಂದರೆ ಧ್ವನಿ). ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿಯನ್ನು ಕಾವ್ಯದ ಜೀವ ಎಂದು ಸ್ಥಾಪಿಸಿದ. ಅದೇ ಶತಮಾನದಲ್ಲಿ, 850ರ ಸುಮಾರಿಗೆ, ನಮ್ಮ ಕವಿರಾಜಮಾರ್ಗವೂ ಧ್ವನಿಯ ಮಾತೆತ್ತಿತು. ಹಾಗಾಗಿ ಓದಿನ ಕೌಶಲವನ್ನು ಪರಿಶೀಲಿಸಲು ನಾವು ಹೊರಗಿನ ಕೋಷ್ಟಕ ತರಬೇಕಿಲ್ಲ. ಒಂದು ಸಣ್ಣ ಭಾಗವನ್ನು ಇಲ್ಲಿ ನಾನೇ ಬರೆದು ತೋರಿಸುತ್ತೇನೆ:

‘ಸಂತೆಯಿಂದ ಬಂದ ಅಜ್ಜ ಚೀಲವನ್ನು ಮೂಲೆಯಲ್ಲಿಟ್ಟ. ಮೊಮ್ಮಗಳು ಓಡಿ ಬಂದು ಚೀಲದೊಳಗೆ ಕೈ ಹಾಕಿದಳು. ಅಜ್ಜ ಮುಖ ತಿರುಗಿಸಿ, “ಈ ಸಲ ಸಂತೆಯಲ್ಲಿ ಬತ್ತಾಸು ಬಂದಿರಲಿಲ್ಲ ಪುಟ್ಟಿ” ಎಂದ. ಅಜ್ಜಿ ಮಾತಾಡದೆ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಕೊಟ್ಟಳು.’

4 ವಾಕ್ಯ, 28 ಪದ, 83 ಅಕ್ಷರ. ಪದಕ್ಕೆ ಸರಾಸರಿ ಮೂರು ಅಕ್ಷರ. ಮೂರನೇ ತರಗತಿಯ ಗುರಿಯಂತೆ ಓದಿದರೆ 28 ಸೆಕೆಂಡು. ಈಗ ಪ್ರಶ್ನೆಗಳು. ಅಜ್ಜ ಎಲ್ಲಿಂದ ಬಂದ? ಇದಕ್ಕೆ ಮೊದಲ ಪದದಲ್ಲೇ ಉತ್ತರವಿದೆ, ಅರ್ಥವಾಗದಿದ್ದರೂ ಎತ್ತಿ ಬರೆಯಬಹುದು. ಮೊಮ್ಮಗಳು ಚೀಲದೊಳಗೆ ಏಕೆ ಕೈ ಹಾಕಿದಳು? ಇದಕ್ಕೆ ಉತ್ತರ ಎಲ್ಲೂ ಬರೆದಿಲ್ಲ. ಬತ್ತಾಸಿನ ಮಾತು ಅದರ ಮುಂದಿನ ವಾಕ್ಯದಲ್ಲಿ ಬರುತ್ತದೆ, ಹಿಂದಕ್ಕೆ ಹೋಗಿ ಜೋಡಿಸಬೇಕು. ಅಜ್ಜ ಮುಖ ತಿರುಗಿಸಿದ್ದೇಕೆ? ಸಂತೆಯಲ್ಲಿ ಬತ್ತಾಸು ಬಾರದೆ ಇರುತ್ತದೆಯೇ? ಕೈಯಲ್ಲಿ ದುಡ್ಡಿರಲಿಲ್ಲ. ಅಜ್ಜಿಗೆ ಅದು ಹೇಗೆ ತಿಳಿಯಿತು, ಅವಳು ಮಾತಾಡಲಿಲ್ಲವೇಕೆ? ಇಲ್ಲಿಗೆ ಬರುವ ಹೊತ್ತಿಗೆ ಮಗು ಸಾಹಿತ್ಯ ವಿಮರ್ಶೆಯ ಹೊಸ್ತಿಲು ದಾಟಿ ಒಳಗೆ ಬಂದಿರುತ್ತದೆ. 28 ಸೆಕೆಂಡಿನ ಓದಿಗೆ 10 ನಿಮಿಷದ ಮಾತು ಹುಟ್ಟುತ್ತದೆ. ನನಗೆ ಗೊತ್ತಿರುವಂತೆ ಹಳ್ಳಿಯ ಮಕ್ಕಳು ನಾಲ್ಕನೇ ಪ್ರಶ್ನೆಗೆ ಬೇಗ ಉತ್ತರ ಹೇಳುತ್ತಾರೆ. ಮನೆಯಲ್ಲಿ ಕಂಡಿರುತ್ತಾರೆ. ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಬರೆಸಿ ಪುಸ್ತಕ ಮುಚ್ಚಿಸಿದರೆ ಆ ಕಂಡದ್ದೆಲ್ಲ ಅವರ ಒಳಗೇ ಉಳಿಯುತ್ತದೆ.

ಪತ್ರಿಕೆಯಲ್ಲಿ ಸಾಹಿತ್ಯ ವಿಮರ್ಶೆಗೆ ಜಾಗವೇ ಇಲ್ಲವೆಂದಲ್ಲ. ‘ಸಂದರ್ಭಸಹಿತ ಸ್ವಾರಸ್ಯ ಬರೆಯಿರಿ’ ಎಂಬ ಪ್ರಶ್ನೆ ತಲೆಮಾರುಗಳಿಂದ ಇದೆ. ಒಂದಕ್ಕೆ 3 ಅಂಕ. ಉತ್ತರವನ್ನು ಮೂರು ತುಂಡಾಗಿ ಬರೆಸುವುದು ರೂಢಿ: ಆಯ್ಕೆ, ಸಂದರ್ಭ, ಸ್ವಾರಸ್ಯ. ಈ ಮಾತು ಯಾವ ಪಾಠದ್ದು, ಯಾರು ಬರೆದದ್ದು ಎಂಬುದು ನೆನಪು. ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದೂ ನೆನಪು. ಮೂರನೆಯದು ಮಾತ್ರ ಮಗುವಿನ ಸ್ವಂತ ಕಣ್ಣು. ಎಷ್ಟು ಚೆಂದದ ಪದ ಅದು, ಸ್ವಾರಸ್ಯ. ಈ ಮಾತಿನಲ್ಲಿ ನಿನಗೆ ರುಚಿಸಿದ್ದು ಏನು ಎಂದು ಕೇಳುವ ಪದ. ಆದರೆ ಗೈಡುಗಳಲ್ಲಿ ಅದಕ್ಕೂ ಸಿದ್ಧ ಉತ್ತರವಿದೆ, ‘ಈ ಮಾತು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಮುಗಿಯುವಂಥದ್ದು. ರುಚಿ ಹೇಗಿದೆ ಎಂದು ಕೇಳಿದರೆ ರುಚಿಯಾಗಿದೆ ಎಂದಂತೆ. 108 ಸೆಕೆಂಡಿನಲ್ಲಿ ಮಗು ಎರಡು ಒಳ್ಳೆಯ ವಾಕ್ಯ ಬರೆಯಬಲ್ಲದು, ಅದಕ್ಕೆ ಮೊದಲು ವರ್ಷದಲ್ಲಿ ಮೂವತ್ತು ಸಲವಾದರೂ ತನ್ನ ರುಚಿಯನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಾಗಿದ್ದರೆ.

ಇನ್ನು ಛಂದಸ್ಸು. ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಲು 3 ಅಂಕ, 5 ನಿಮಿಷ 24 ಸೆಕೆಂಡು. ಗಣಿತ ಬಲ್ಲ ಮಕ್ಕಳಿಗೆ ಇದು ಕೈಗೆಟುಕುವ 3 ಅಂಕ, ಆದ್ದರಿಂದ ಚೆನ್ನಾಗಿ ಅಭ್ಯಾಸ ಮಾಡಿಸುತ್ತಾರೆ. ಆದರೆ ಈ ಎಣಿಕೆ ಕಿವಿಗೆ ತಲುಪದೆ ಕಾಗದದಲ್ಲೇ ನಿಂತುಬಿಡುತ್ತದೆ, ನನ್ನ ಸಂಕಟ ಅದು. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲಿಗೆ 14 ಮಾತ್ರೆ; 3 ಮತ್ತು 6ನೆಯದಕ್ಕೆ 23. ಒಟ್ಟು 102. ವಾರ್ಧಕಕ್ಕೆ ಅದೇ ಕ್ರಮದಲ್ಲಿ 20 ಮತ್ತು 32, ಒಟ್ಟು 144. ಕುಮಾರವ್ಯಾಸ ಮೊದಲನೆಯದರಲ್ಲಿ ನಡೆದ, ಲಕ್ಷ್ಮೀಶ ಎರಡನೆಯದರಲ್ಲಿ. ಕಂದಕ್ಕೆ 12, 20, 12, 20, ಒಟ್ಟು 64. ಈ ಅಂಕಿಗಳನ್ನು ಉರು ಹೊಡೆದ ಮಗುವಿಗೆ, ಕವಿ ಇಷ್ಟೇ ಮಾತ್ರೆಯನ್ನು ಏಕೆ ಇಟ್ಟ ಎಂದು ಯಾರೂ ಕೇಳುವುದಿಲ್ಲ.

ಕೇಳಿ ನೋಡೋಣ. ‘ಮಗುವು ಬಂದಿತು ನಗುತ ಬಳಿಯಲಿ’ ಎಂಬುದು ಈ ಲೇಖನಕ್ಕಾಗಿ ನಾನು ಕಟ್ಟಿದ ಸಾಲು. ಎಣಿಸಿ: ಮಗುವು 3, ಬಂದಿತು 4, ನಗುತ 3, ಬಳಿಯಲಿ 4. ಒಟ್ಟು 14, ಭಾಮಿನಿಯ ನಡೆ. ಈಗ ಗಟ್ಟಿಯಾಗಿ, ಮೇಜಿನ ಮೇಲೆ ಬೆರಳು ಬಡಿಯುತ್ತ ಓದಿ. ಮೂರರ ಹೆಜ್ಜೆ ಗಿಡ್ಡ, ನಾಲ್ಕರದು ಉದ್ದ. ಒಂದು ಕಾಲು ಬೇಗ ಎತ್ತಿ ಇನ್ನೊಂದನ್ನು ನಿಧಾನ ಊರಿದಂತೆ, ನಿಲ್ಲಲು ಬಿಡದೆ ಮುಂದಕ್ಕೆ ನೂಕುವ ನಡೆ. ಮಾತಿಗೆ ಮಾತು ಬೀಳುವ ಜಗಳಕ್ಕೆ, ರೋಷಕ್ಕೆ, ಬಿಕ್ಕಿ ಬರುವ ಅಳುವಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಇನ್ನೊಂದು ಸಾಲು: ‘ಹಣ್ಣೆಲೆಯು ಕೆಳಗುದುರಿ ನೀರಿನಲಿ ತೇಲುತಿರೆ’. ಐದು, ಐದು, ಐದು, ಐದು. 20 ಮಾತ್ರೆ, ವಾರ್ಧಕದ ನಡೆ. ಎಲ್ಲ ಹೆಜ್ಜೆಯೂ ಸಮ, ತೊಟ್ಟಿಲು ತೂಗಿದಂತೆ. ವರ್ಣನೆಗೆ, ಕುದುರೆಯ ಓಟಕ್ಕೆ, ಮೆರವಣಿಗೆಗೆ ಹೊಂದುತ್ತದೆ. ಎರಡನ್ನೂ ಹತ್ತು ಹತ್ತು ಸಲ ಬಾಯಲ್ಲಿ ಆಡಿದ ಮಗುವಿಗೆ ಪ್ರಸ್ತಾರ ಹಾಕುವ ಮೊದಲೇ ಛಂದಸ್ಸಿನ ಹೆಸರು ಗೊತ್ತಾಗಿರುತ್ತದೆ. ಆಮೇಲೆ ಕೇಳಬಹುದು: ಮೂರನೇ ಸಾಲು 14ರಿಂದ 23ಕ್ಕೆ ಜಿಗಿಯುತ್ತದಲ್ಲ, ಆ ಹೆಚ್ಚಿನ 9 ಮಾತ್ರೆಯಲ್ಲಿ ಕವಿ ಏನು ಹೇಳಿದ? ಕೊನೆಯ ಗುರುವಿನ ಮೇಲೆ ಯಾವ ಪದ ಬಂದು ಕೂತಿದೆ? ಅದೇ ಪದ ಏಕೆ? ಪ್ರಸ್ತಾರದ 3 ಅಂಕಕ್ಕೆ ಎಣಿಸಿದ ಮಾತ್ರೆಗಳೇ ಇಲ್ಲಿ ವಿಮರ್ಶೆಗೆ ಸಾಮಗ್ರಿಯಾಗುತ್ತವೆ.

ಈ ಕೆಲಸಕ್ಕೆ ನಮ್ಮಲ್ಲಿ ಗಮಕವಿದೆ. ಒಬ್ಬರು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ. ತರಗತಿಯಲ್ಲಿ ರಾಗ ಬರದಿದ್ದರೂ ನಷ್ಟವಿಲ್ಲ. ಒಬ್ಬ ಓದಲಿ, ಇನ್ನೊಬ್ಬಳು ಅರ್ಥ ಹೇಳಲಿ.

ಈಗ ಖರ್ಚು. 40 ಮಕ್ಕಳ ಒಂದು ತರಗತಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ವರ್ಷಕ್ಕೆ 20 ಅಪಠಿತ ಭಾಗಗಳನ್ನು ಓದಿಸಬೇಕು ಎಂದುಕೊಳ್ಳೋಣ. ಇಬ್ಬರಿಗೆ ಒಂದು ಹಾಳೆಯಂತೆ ಜೆರಾಕ್ಸ್ ಮಾಡಿಸಿದರೆ 20 ಭಾಗಕ್ಕೆ 400 ಹಾಳೆ. ಹಾಳೆಗೆ 2 ರೂಪಾಯಿ ಹಿಡಿದರೆ 800 ರೂಪಾಯಿ. ಮಗುವೊಂದಕ್ಕೆ ಇಡೀ ವರ್ಷಕ್ಕೆ 20 ರೂಪಾಯಿ. ಅದೇ ಹಾಳೆಗಳನ್ನು ಜೋಪಾನ ಮಾಡಿ ಇನ್ನೊಂದು ಸೆಕ್ಷನ್ನಿಗೂ ಕೊಟ್ಟರೆ 10. ಜೆರಾಕ್ಸ್ ಬೇಡ, ಶಾಲೆಗೆ ಒಂದು ದಿನಪತ್ರಿಕೆ ತರಿಸುತ್ತೇವೆ ಎಂದರೆ, 6 ರೂಪಾಯಿಯ ಪತ್ರಿಕೆ 220 ಶಾಲಾ ದಿನಕ್ಕೆ 1,320 ರೂಪಾಯಿ, ತಲೆಗೆ 33. ದುಡ್ಡಿನ ದೃಷ್ಟಿಯಲ್ಲಿ ಇದು ದೊಡ್ಡದಲ್ಲ. ಹಣವಿಲ್ಲದ್ದರಿಂದ ಈ ಕೆಲಸ ನಿಂತಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ.

ಪೀರಿಯಡ್ಡಿನ ಲೆಕ್ಕವೂ ಹೊರೆಯಲ್ಲ. ಒಂದು ಭಾಗ ಓದಿ ಚರ್ಚಿಸಲು 20 ನಿಮಿಷ, 20 ಭಾಗಕ್ಕೆ 400 ನಿಮಿಷ, 40 ನಿಮಿಷದ 10 ಪೀರಿಯಡ್. ವಾರಕ್ಕೆ 6ರಂತೆ 30 ವಾರ ಕನ್ನಡ ನಡೆದರೆ ಒಟ್ಟು 180 ಪೀರಿಯಡ್. ಅದರಲ್ಲಿ 10, ಹದಿನೆಂಟರಲ್ಲಿ ಒಂದು ಪಾಲು.

ಹೊರೆ ಬೀಳುವುದು ತಿದ್ದುವುದರಲ್ಲಿ. ಮಗುವಿಗೆ ಎರಡು ಉತ್ತರ, ಉತ್ತರಕ್ಕೆ ಒಂದೇ ನಿಮಿಷ ಎಂದರೂ 40 ಮಕ್ಕಳಿಗೆ 80 ನಿಮಿಷ. 20 ಭಾಗಕ್ಕೆ 1,600 ನಿಮಿಷ: 26 ಗಂಟೆ 40 ನಿಮಿಷ. ಮೂರು ಸೆಕ್ಷನ್ ಇರುವ ಮೇಷ್ಟ್ರಿಗೆ 80 ಗಂಟೆ. ರೂಪಣಾತ್ಮಕ ಮೌಲ್ಯಮಾಪನದ ದಾಖಲೆ ತುಂಬುವುದು, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಸಮೀಕ್ಷೆ ಇವುಗಳ ನಡುವೆ 80 ಗಂಟೆ ಎಲ್ಲಿಂದ ತರುತ್ತಾರೆ? ಸ್ವಂತ ಬುದ್ಧಿಯಿಂದ ಬರೆದ ಉತ್ತರ ಒಂದೊಂದೂ ಬೇರೆಬೇರೆ ಇರುತ್ತದೆ, ಓದಿಯೇ ಅಂಕ ಕೊಡಬೇಕು. ಬಾಯಿಪಾಠದ ಉತ್ತರ ಎಲ್ಲವೂ ಒಂದೇ ಅಚ್ಚು, ಕಣ್ಣು ಹಾಯಿಸಿದರೆ ಸಾಕು. ಮೇಷ್ಟ್ರು ಬಾಯಿಪಾಠದ ಕಡೆ ವಾಲುವುದಕ್ಕೆ ಸೋಮಾರಿತನ ಕಾರಣವಲ್ಲ, ಈ 80 ಗಂಟೆ ಕಾರಣ. ದಾರಿ ಇಲ್ಲದಿಲ್ಲ. ಒಂದು ಭಾಗಕ್ಕೆ 40ರ ಬದಲು 10 ಪುಸ್ತಕ ಮಾತ್ರ ಮನೆಗೆ ಒಯ್ಯುವುದು, ಸರದಿಯಲ್ಲಿ. ಆಗ ಭಾಗಕ್ಕೆ 20 ನಿಮಿಷ, ಒಂದು ಸೆಕ್ಷನ್ನಿಗೆ ವರ್ಷಕ್ಕೆ 6 ಗಂಟೆ 40 ನಿಮಿಷ. ಪ್ರತಿ ಮಗುವಿನ ಪುಸ್ತಕ ವರ್ಷದಲ್ಲಿ 5 ಸಲ ಮೇಷ್ಟ್ರ ಕಣ್ಣಿಗೆ ಬೀಳುತ್ತದೆ. ಉಳಿದ 15 ಸಲ ಪಕ್ಕದವರು ಒಬ್ಬರದೊಬ್ಬರು ಓದಿ, ಒಪ್ಪದ ಕಡೆ ಜಗಳವಾಡಲಿ. ‘ಅಜ್ಜ ಸುಳ್ಳು ಹೇಳಿದ’ ಎಂದು ಒಬ್ಬ, ‘ಸುಳ್ಳಲ್ಲ, ನಾಚಿಕೆ’ ಎಂದು ಇನ್ನೊಬ್ಬಳು. ಆ ಜಗಳಕ್ಕೆ ಅಂಕ ಕೊಡಬೇಕಾಗಿಯೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗುಣಾಕಾರ ಬಾಕಿ ಇದೆ, ಅದು ನನ್ನನ್ನು ಹೆಚ್ಚು ಕಾಡಿದ್ದು. ತರಗತಿಯ 20 ಭಾಗಗಳು ಸೇರಿ 2,400 ಪದ. ಅದೇ ಮಗು ಮನೆಯಲ್ಲಿ ದಿನಕ್ಕೆ 10 ನಿಮಿಷ, ವರ್ಷದಲ್ಲಿ 200 ದಿನ, ಬೇಕಾದ ಪುಸ್ತಕ ಓದಿದರೆ ನಿಮಿಷಕ್ಕೆ 60ರಂತೆ 1,20,000 ಪದ. ಐವತ್ತು ಪಟ್ಟು. ನಿಮಿಷಕ್ಕೆ 30 ಓದುವ ಮಗುವಿಗೂ 60,000, ಅದೂ ಮೊದಲ ತಿಂಗಳ ವೇಗದಲ್ಲೇ ವರ್ಷವಿಡೀ ಓದಿದರೆ. ಪದಸಂಪತ್ತು, ವೇಗ, ಕಥೆ ಎತ್ತ ತಿರುಗುತ್ತದೆಂಬ ಊಹೆ, ಎಲ್ಲವೂ ಬೆಳೆಯುವುದು ಈ ದೊಡ್ಡ ರಾಶಿಯಿಂದ. ತರಗತಿಯ 2,400 ಪದ ಆ ರಾಶಿಯನ್ನು ಓದುವ ಬಗೆ ತೋರಿಸಿಕೊಡಬಲ್ಲದು, ಅಷ್ಟೆ.

ಪುಸ್ತಕ ಎಲ್ಲಿಂದ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಾವು ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು, ಈಗ ಅವುಗಳ ಬಾಗಿಲ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವಯಸ್ಸಿನ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹತ್ತನೇ ತರಗತಿಯ ಮಗುವಿಗೆ ವಯಸ್ಸು ಮೀರಲು ಇನ್ನೂ ಎರಡು ಮೂರು ವರ್ಷವಿದೆ. ಜೂನ್ ಮೊದಲ ವಾರದಲ್ಲಿ ಒಂದು ಪೀರಿಯಡ್ ಬಿಟ್ಟುಕೊಟ್ಟು, 40 ಮಕ್ಕಳನ್ನೂ ಸಾಲಾಗಿ ಅಲ್ಲಿಗೆ ಕರೆದೊಯ್ದು, ಒಬ್ಬೊಬ್ಬರ ಹೆಸರು ಬರೆಸಿ, ಒಂದೊಂದು ಪುಸ್ತಕ ಕೈಗೆ ಕೊಡಿಸಿ ವಾಪಸ್ ಬರಲು 40 ನಿಮಿಷ ಸಾಕು. ವರ್ಷದ 180 ಪೀರಿಯಡ್‌ಗಳಲ್ಲಿ ಒಂದು.